ನೀಲಿ ರಟ್ಟಿನ ಒಂದು ತೂತು

ಆರ್ಡಿತ್ ವೊರ್ಹೀಸ್ ಮೂವತ್ತೊಂದು ವರ್ಷ ಸೇತುವೆಯ ಟೋಲ್ ಗೂಡಿನಲ್ಲಿ ಕೂತಳು. ಅದರಲ್ಲಿ ಇಪ್ಪತ್ತೈದು ವರ್ಷ ಒಂದೇ ಒಂದು ನಾಣ್ಯದ ದಾರಿ ಕಾದಳು. ನಮ್ಮ ಕೆಲ್ಸೋ ಲ್ಯಾಂಡಿಂಗಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಊರಿಗೆ ಹೊಸ ಪಾದ್ರಿ ಬಂದರೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮುಂದೆ ಚುನಾವಣೆಯ ಮಾತು ತೆಗೆಯಬಾರದು ಎಂಬುದರ ಜೊತೆಗೆ, ಮಿಸ್ ವೊರ್ಹೀಸ್‌ಗೆ ಯಾವ ನಾಣ್ಯ ಸಿಕ್ಕಿಲ್ಲ ಎಂಬುದನ್ನೂ ಮೊದಲ ವಾರವೇ ಹೇಳಿಬಿಡುತ್ತಿದ್ದರು.

ನದಿಯ ಈಚೆ ನಾವು, ಅಯೋವಾದವರು. ಆಚೆ ಇಲಿನಾಯ್. ನಡುವೆ ಮಿಸಿಸಿಪ್ಪಿ, ಅದರ ಮೇಲೆ ಹಸಿರು ಬಣ್ಣದ ಕಬ್ಬಿಣದ ಸೇತುವೆ. ದಾಟಲು ಕಾರಿಗೆ ಹದಿನೈದು ಸೆಂಟ್. ಜನ ಹತ್ತು ಸೆಂಟಿನದೊಂದು ಸಣ್ಣ ನಾಣ್ಯ, ಐದು ಸೆಂಟಿನದೊಂದು ನಿಕಲ್ ಸೇರಿಸಿ ಕಿಟಕಿಯಿಂದ ಕೈ ಚಾಚುತ್ತಿದ್ದರು. 1952ರ ಶರತ್ಕಾಲದಲ್ಲಿ ಕೆಲಸಕ್ಕೆ ಸೇರಿದಾಗ ಆರ್ಡಿತ್‌ಗೆ ಇಪ್ಪತ್ತೇಳು. ಸೇರಿದ ಮೂರನೇ ದಿನ ಒಬ್ಬ ತರಕಾರಿ ಟ್ರಕ್ಕಿನವನು ಕೊಟ್ಟ ನಿಕಲ್ಲಿನ ಮೇಲೆ ಅವಳು ಶಾಲೆ ಮುಗಿಸಿದ ವರ್ಷದ ಇಸವಿ ಇತ್ತು. ಅದನ್ನು ಇಟ್ಟುಕೊಳ್ಳಬೇಕು ಅನ್ನಿಸಿತು. ಮೇಲ್ವಿಚಾರಕನನ್ನು ಕೇಳಿದಳು. ಪಾಳಿ ಮುಗಿದ ಮೇಲೆ ತನ್ನೆದುರಿಗೇ ಒಂದು ನಿಕಲ್ ಹಾಕಿ ಒಂದು ನಿಕಲ್ ತೆಗೆದುಕೊಂಡರೆ ಸೇತುವೆಗೇನೂ ನಷ್ಟವಿಲ್ಲ ಎಂದ ಆತ. ಅಲ್ಲಿಂದ ಶುರುವಾಯಿತು.

ಪೇಟೆಯ ಅಂಗಡಿಯಲ್ಲಿ ಮೂವತ್ತೈದು ಸೆಂಟಿಗೆ ನೀಲಿ ರಟ್ಟಿನ ಫೋಲ್ಡರ್ ಸಿಗುತ್ತಿತ್ತು. ಒಳಗೆ ಸಾಲುಸಾಲು ತೂತು. ಪ್ರತಿ ತೂತಿನ ಕೆಳಗೂ ಒಂದು ಇಸವಿ, ಯಾವ ಟಂಕಸಾಲೆಯದು ಎಂಬುದರ ಒಂದು ಅಕ್ಷರ. ಸರಿಯಾದ ನಾಣ್ಯ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಕೂರುತ್ತದೆ. ಆ ಕಾಲದಲ್ಲಿ ನಮ್ಮಲ್ಲಿ ಅರ್ಧ ಊರಿಗೆ ಈ ಗೀಳಿತ್ತು. ಆದರೆ ಉಳಿದವರು ಬೇಜಾರಾದರೆ ಅಂಗಡಿಯಲ್ಲಿ ಕೊಂಡು ತುಂಬಿಬಿಡುತ್ತಿದ್ದರು. ಆರ್ಡಿತ್ ಮಾತ್ರ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಕೊಂಡದ್ದಾಗಬಾರದು, ಉಡುಗೊರೆ ಬಂದದ್ದಾಗಬಾರದು. ಸೇತುವೆ ದಾಟುವುದಕ್ಕೆ ಯಾರೋ ತೆತ್ತ ಟೋಲ್ ಆಗಿರಬೇಕು, ಅಷ್ಟೇ. ಯಾಕಿಷ್ಟು ಬಿಗಿ ಎಂದು ಯಾರೋ ಕೇಳಿದ್ದಕ್ಕೆ, ಕೊಂಡದ್ದು ಬರೀ ಸಾಮಾನು, ದಾರಿಯಲ್ಲಿ ಬಂದದ್ದು ಮಾತ್ರ ಸಿಕ್ಕಿದ್ದು ಎಂದು ಹೇಳಿ ಬಾಯಿ ಮುಚ್ಚಿಸಿದ್ದಳು.

ಅವಳ ಹತ್ತಿರ ಒಂದು ಗೆರೆ ಹಾಕಿದ ನೋಟ್‌ಬುಕ್ ಇತ್ತು. ಸಿಕ್ಕಿದ ಪ್ರತಿ ನಿಕಲ್ಲಿಗೂ ಅದರಲ್ಲಿ ಒಂದು ಸಾಲು. ಯಾವ ದಿನ, ಯಾವ ಗಾಡಿ, ಬಿಸಿಲೋ ಮಳೆಯೋ, ನಾಣ್ಯ ಎಷ್ಟು ಸವೆದಿದೆ, ಬೆಲೆ ಪುಸ್ತಕದ ಪ್ರಕಾರ ಎಷ್ಟು ಬಾಳುತ್ತದೆ. ‘ಹಂದಿ ಸಾಗಿಸುವ ಲಾರಿ. ಹಿಮ. ಮುಂದಿನ ಸೀಟಿನಲ್ಲಿ ನಾಯಿ. ಕೆನ್ನೆ ಸವೆದಿದೆ. ಏಳು ಸೆಂಟ್.’ ಹೀಗೆ. ಬೆಲೆ ಕಟ್ಟುವುದರಲ್ಲಿ ಅವಳು ಎಳ್ಳಷ್ಟೂ ದಾಕ್ಷಿಣ್ಯ ತೋರುತ್ತಿರಲಿಲ್ಲ. ನಿಕಲ್ಲಿನ ಒಂದು ಮುಖದಲ್ಲಿ ಜುಟ್ಟು ಕಟ್ಟಿದ ಹಳೇ ಅಧ್ಯಕ್ಷರು. ಇನ್ನೊಂದರಲ್ಲಿ ಅವರ ಮನೆ, ಮನೆಯ ಮುಂದೆ ನೂಲಿನಷ್ಟು ಸಣ್ಣ ಮೆಟ್ಟಿಲುಗಳು. ಭೂತಗನ್ನಡಿ ಹಿಡಿದು ಆ ಮೆಟ್ಟಿಲು ಎಣಿಸಿ ಅವಳು ನಾಣ್ಯದ ಜಾತಕ ಹೇಳುತ್ತಿದ್ದಳು. ಐದು ಮೆಟ್ಟಿಲು ಸ್ಪಷ್ಟ ಕಂಡರೆ ಅದು ಅಪ್ಪಟ. ನಾಲ್ಕೂಮುಕ್ಕಾಲು ಕಂಡರೆ, ತನ್ನದೇ ನಾಣ್ಯವಾದರೂ, ನಾಲ್ಕು ಎಂದೇ ಬರೆಯುತ್ತಿದ್ದಳು.

ಆರು ವರ್ಷದಲ್ಲಿ ಆವರೆಗಿನ ಸಾಲುಗಳೆಲ್ಲ ತುಂಬಿದವು, ಒಂದು ತೂತು ಬಿಟ್ಟು. 1950, ಡೆನ್ವರ್ ಟಂಕಸಾಲೆಯದು, ಮನೆಯ ಬಲಮಗ್ಗುಲಿಗೆ ಪುಟ್ಟ ‘ಡಿ’ ಅಕ್ಷರ ಇರುವಂಥದು.

ಅದು ಚಿನ್ನದ್ದಲ್ಲ, ಬೆಳ್ಳಿಯದೂ ಅಲ್ಲ. ಆ ವರ್ಷ ಡೆನ್ವರಿನಲ್ಲಿ ನಿಕಲ್ ಕಡಿಮೆ ಅಚ್ಚಾದವು ಎಂಬ ಸುದ್ದಿ ನಾಣ್ಯ ಹೊರಬೀಳುವ ಮುಂಚೆಯೇ ಹಬ್ಬಿಬಿಟ್ಟಿತು. ದೇಶದ ಮೂಲೆಮೂಲೆಯ ಜನ ಬ್ಯಾಂಕಿಗೆ ಓಡಿ, ನಲವತ್ತು ನಾಣ್ಯದ ಕಾಗದದ ಸುರುಳಿಗಳನ್ನು ಹಾಗೆಯೇ ತಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಹೀಗಾಗಿ ಹೊಸದು ಬೇಕೆಂದರೆ ಯಾವ ಅಂಗಡಿಯಲ್ಲೂ ಸಿಗುವ ನಾಣ್ಯ, ಬೀದಿಯ ಚಿಲ್ಲರೆಯಲ್ಲಿ ಮಾತ್ರ ಎಲ್ಲೂ ಇಲ್ಲ. ಆ ಸುರುಳಿಗಳು ಒಬ್ಬರಿಂದೊಬ್ಬರಿಗೆ ಮಾರಾಟವಾಗುತ್ತಲೇ ಇದ್ದವು, ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಬ್ಯಾಂಕಿನ ಕಾಗದ ಹರಿದರೆ ಬೆಲೆ ಬಿತ್ತು ಎಂದೇ ಲೆಕ್ಕ. ಒಳಗಿರುವುದನ್ನು ನೋಡದೆ ಹೊರಗಿನ ಕಾಗದಕ್ಕೆ ಕಾಸು ಸುರಿಯುವ ಇಂಥ ಹುಚ್ಚು ನಮ್ಮ ನಾಣ್ಯದ ಜನಕ್ಕಲ್ಲದೆ ಬೇರೆ ಯಾರಿಗೆ ಬಂದೀತು?

ಆ ಹುಚ್ಚು ಹಿಡಿದವರಲ್ಲಿ ಆರ್ಡಿತಳ ತಮ್ಮ ಹಾರ್ಲನ್ ಕೂಡ ಒಬ್ಬ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಕೊಳಾಯಿ ಕೆಲಸದವನು, ನದಿಯ ಎರಡು ದಡದ ನೆಲಮಾಳಿಗೆಗಳಲ್ಲೂ ನುಗ್ಗಿ ಕೊಳವೆ ರಿಪೇರಿ ಮಾಡುತ್ತಿದ್ದವನು. ಅವನ ಬಳಿ ಆರು ಸುರುಳಿ ಇದ್ದವು. 1964ರಲ್ಲಿ ಒಂದೊಂದು ನಾಣ್ಯಕ್ಕೆ ಮೂವತ್ತು ಡಾಲರ್ ಎಂದು ಪತ್ರಿಕೆಯಲ್ಲಿ ಬಂತು. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಆರ್ಡಿತ್ ತಮ್ಮನ ಮನೆಗೆ ಹೋದಾಗ, ಅವನ ಹೆಂಡತಿ ಓಪಲ್ ಟರ್ಕಿ ಕೋಳಿ ಹೋಳು ಮಾಡುವ ಮುಂಚೆಯೇ ಹಾರ್ಲನ್ ಆರೂ ಸುರುಳಿಗಳನ್ನು ತಂದು ಗ್ರೇವಿ ಬಟ್ಟಲಿನ ಪಕ್ಕ ನಿಲ್ಲಿಸಿದ. ಆರ್ಡಿತಳ ಮೋರೆ ಗಂಟಾಯಿತು.

“ನೀವೆಲ್ಲಾ ಸೇರ್ಕೊಂಡು ಆ ನಿಕಲ್‌ಗಳನ್ನ ಜೈಲಿಗೆ ಹಾಕಿದೀರ, ಹಾರ್ಲನ್. ಅದು ಬೀದೀಲಿ ಓಡಾಡೋಕೆ ಹುಟ್ಟಿದ್ದು. ನಿಮ್ಮಂಥೋರಿಂದ್ಲೇ ನನ್ನ ತೂತು ಖಾಲಿ ಇರೋದು.”

“ಖಾಲಿ ಇದ್ರೆ ಒಂದು ತಗೊಳ್ಳೇ, ಆರ್ಡೀ. ನಿಂಗೋಸ್ಕರ ಒಂದು ಸುರುಳಿ ಒಡೀತೀನಿ ಬೇಕಾದ್ರೆ.”

“ನಿನ್ನ ದಾನ ಯಾರಿಗೆ ಬೇಕು.”

ಆ ಮಾತು ಅವನಿಗೆ ನಾಟಿತು. ಒಂದು ಸುರುಳಿ ಒಡೆಯುವುದೆಂದರೆ ಆಗ ಸಣ್ಣ ಮಾತಲ್ಲ, ಅವನು ಮನಸಾರೆ ಹೇಳಿದ್ದ. ಜಗಮೊಂಡಿ ಎಂದು ಅಕ್ಕನನ್ನು ಬೈದು ಸುರುಳಿಗಳನ್ನು ಎತ್ತಿಕೊಂಡು ಒಳಗೆ ಹೋದ. ಮುಂದಿನ ಎಂಟು ತಿಂಗಳು ಅವನ ವ್ಯಾನು ಆರ್ಡಿತಳ ಗೂಡಿನ ಸಾಲಿಗೆ ಬರಲಿಲ್ಲ. ಪಕ್ಕದ ಸಾಲಿನಲ್ಲಿ ಟೋಲ್ ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿತ್ತು. ಅವಳೂ ಕತ್ತು ಹೊರಳಿಸಲಿಲ್ಲ. ಅಷ್ಟರಲ್ಲಿ ನಿಕಲ್ಲಿನ ಬೆಲೆ ಧೊಪ್ಪನೆ ಬಿತ್ತು. ಆಗಲಾದರೂ ಮಾರಿಬಿಡು ಎಂದು ಊರೆಲ್ಲ ಹೇಳಿದರೂ ಹಾರ್ಲನ್ ಮಾರಲಿಲ್ಲ. ಬೀಗದೊಳಗಿಟ್ಟು ಕೊಳೆಸುತ್ತಿದ್ದಾನೆ ಎಂದೇ ಆರ್ಡಿತ್ ತಿಳಿದಳು. ಕೊನೆಗೊಂದು ದಿನ ಮಾತೇನೋ ಮತ್ತೆ ಶುರುವಾಯಿತು. ನಿಕಲ್ಲಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

1968ರ ವಸಂತದಲ್ಲಿ ಒಂದು ವಿಚಿತ್ರ ನಡೆಯಿತು. ಪ್ರತಿ ತಿಂಗಳ ಎರಡನೇ ಮಂಗಳವಾರ ಲೈಬ್ರರಿಯ ನೆಲಮಾಳಿಗೆಯಲ್ಲಿ ನಮ್ಮ ನಾಣ್ಯ ಸಂಘ ಸೇರುತ್ತದೆ. ಸಂಘದ ಕಾರ್ಯದರ್ಶಿ ಕ್ಷೌರದಂಗಡಿಯ ಕ್ಲೀಟಸ್. ಆವತ್ತು ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತನ್ನ ಗಲ್ಲಾದ ಚಿಲ್ಲರೆಯಲ್ಲೇ 1950ರ ಡೆನ್ವರ್ ನಿಕಲ್ ಸಿಕ್ಕಿತೆಂದು ಸಾರಿದ. ಎಲ್ಲರೂ ಮುಗಿಬಿದ್ದರು. ಬೆಲೆ ಕಟ್ಟಲು ಅದು ಆರ್ಡಿತಳ ಕೈಗೇ ಬಂತು. ಅವಳು ಭೂತಗನ್ನಡಿ ಏರಿಸಿದಳು. ಹೊಟ್ಟೆ ಉರಿಯುತ್ತಿದ್ದರೂ ಕಣ್ಣು ತನ್ನ ಕೆಲಸ ಮಾಡಿತು. ಕೆನ್ನೆ ಸವೆದಿದೆ, ಮೆಟ್ಟಿಲು ಅಳಿಸಿದೆ, ಆದರೆ ಅಕ್ಷರಗಳ ಸಂದಿಯಲ್ಲಿ ಕೊಳೆಯಿಲ್ಲ. ಸಾವಿರ ಕೈ ದಾಟಿದ ನಾಣ್ಯ ಹೀಗಿರುವುದಿಲ್ಲ.

“ಇದು ಬೀದೀಲಿ ಸವೆದದ್ದಲ್ಲ, ಕ್ಲೀಟಸ್. ಯಾರದೋ ಒಂದೇ ಜೇಬಲ್ಲಿ, ಬೀಗದಕೈ ಜೊತೆ, ವರ್ಷಾನುಗಟ್ಲೆ ಇದ್ದದ್ದು. ಆಮೇಲೆ ಯಾಕೋ ಕೈಬಿಟ್ಟಿದಾರೆ.”

ಹಿಂದಿನ ಸಾಲಿನಲ್ಲಿ ಕಾಫಿ ಕುಡಿಯುತ್ತಿದ್ದ ಹಾರ್ಲನ್‌ಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಯಾರೋ ಬೆನ್ನು ತಟ್ಟಿದರು. ಆರ್ಡಿತ್ ಅತ್ತ ತಿರುಗಿಯೂ ನೋಡಲಿಲ್ಲ.

ಅಲ್ಲಿಂದ ನಮ್ಮೂರಿಗೆ ಅದೃಷ್ಟ ಖುಲಾಯಿಸಿತು. ಊಟದ ಅಂಗಡಿಯ ನೆಡ್ರಾಳಿಗೆ ಟಿಪ್ಸಿನಲ್ಲಿ ಒಂದು ಸಿಕ್ಕಿತು. ಪಾದ್ರಿಗಳಿಗೆ ಚರ್ಚಿನ ಕಾಣಿಕೆ ತಟ್ಟೆಯಲ್ಲಿ ಒಂದು. ಆಚೆ ದಡದ ಪೆಟ್ರೋಲ್ ಬಂಕಿನವನಿಗೆ ಎರಡು. ದೇಶದ ಬೇರೆ ಯಾವ ಪೇಟೆಯಲ್ಲೂ ಕಾಣದ ನಿಕಲ್ ಕೆಲ್ಸೋ ಲ್ಯಾಂಡಿಂಗಿನ ಚಿಲ್ಲರೆಯಲ್ಲಿ ಮೊಳಕೆಯೊಡೆಯುತ್ತಿತ್ತು. ಸಿಕ್ಕವರೆಲ್ಲ ಗಬಕ್ಕನೆ ಜೇಬಿಗಿಳಿಸಿ ಮಂಗಳವಾರ ಹಾಜರಾಗುತ್ತಿದ್ದರು. ಒಂದೂ ಸೇತುವೆಯವರೆಗೆ ನಡೆದು ಬರಲಿಲ್ಲ. ಪ್ರತಿಯೊಂದಕ್ಕೂ ಬೆಲೆ ಕಟ್ಟುವ ಕರ್ಮ ಆರ್ಡಿತಳದೇ. ವರ್ಷ ಕಳೆದಂತೆ ಬರುವ ನಾಣ್ಯಗಳ ಮೆಟ್ಟಿಲ ಸಂದಿಯಲ್ಲಿ ಈಗ ಕಪ್ಪು ಕೊಳೆ ಕಾಣತೊಡಗಿತು. ಅವಳು ಅದನ್ನು ಸೂಜಿಮೊನೆಯಲ್ಲಿ ತೆಗೆದು ಬೆರಳಲ್ಲಿ ಉಜ್ಜಿ, ಇದು ಕೈಕೊಳೆಯಲ್ಲ, ತರಕಾರಿ ಹಿತ್ತಲ ಮಣ್ಣು ಎಂದಳು. ಹಾರ್ಲನ್ ಆವತ್ತು ಬೇಗ ಎದ್ದು ಮನೆಗೆ ಹೋದ.

ಕ್ಲೀಟಸ್ ಕಾಲೆಳೆಯದೆ ಬಿಡುವವನಲ್ಲ. ಸೇತುವೆ ಬಿಟ್ಟು ತನ್ನ ಅಂಗಡಿಯಲ್ಲಿ ಕೂದಲು ಗುಡಿಸುವ ಕೆಲಸಕ್ಕೆ ಬಂದರೆ ವಾರದೊಳಗೆ ತೂತು ತುಂಬುತ್ತದೆ ಎಂದು ಒಮ್ಮೆ ಹೇಳಿದ. ಆರ್ಡಿತಳಿಗೆ ನಗು ಬರಲಿಲ್ಲ. ಅಳು ಬರುವಷ್ಟು ಸಿಟ್ಟು ಬಂತು. ಆದರೆ ಸಿಟ್ಟು ಬಂದಷ್ಟೂ ಅವಳ ಪಟ್ಟು ಬಿಗಿಯಾಯಿತು. ಶನಿವಾರದ ಪಾಳಿಯನ್ನೂ ಕೇಳಿ ಹಾಕಿಸಿಕೊಂಡಳು. ಕಚೇರಿಯಲ್ಲಿ ಕುರ್ಚಿ, ಹೀಟರು, ಹೆಚ್ಚು ಸಂಬಳ ಎಂದು ಕರೆದರೆ ಒಲ್ಲೆ ಎಂದಳು. ಹಿಮದಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದಾಗ ಎಡಗೈಯಲ್ಲಿ ನಾಣ್ಯ ಹೊರಳಿಸುವುದನ್ನು ಕಲಿತಳು. 1974ರಲ್ಲಿ ನಾಣ್ಯ ಎಸೆಯುವ ಬುಟ್ಟಿಯ ಯಂತ್ರ ತಂದು ಎರಡು ಸಾಲಿಗೂ ಹಾಕುತ್ತೇವೆ ಎಂದಾಗ, ಕೈನಡುಗುವ ಮುದುಕರು, ಚಿಲ್ಲರೆಯಿಲ್ಲದವರು ಏನು ಮಾಡಬೇಕು ಎಂದು ಸೇತುವೆ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ವಾದಿಸಿ ತನ್ನ ಸಾಲನ್ನು ಉಳಿಸಿಕೊಂಡಳು. ಅವಳು ಹೇಳಿದ್ದೆಲ್ಲ ನಿಜವೇ. ಹೇಳದೆ ಉಳಿಸಿದ್ದೂ ಒಂದಿತ್ತು ಎಂಬುದು ಮಂಡಳಿಯವರಿಗೂ ಗೊತ್ತಿತ್ತು.

ಇಷ್ಟಾದರೂ ಒಬ್ಬ ಚಾಲಕನನ್ನೂ ಅವಳು ಎಂದೂ ತಡೆದು ನಿಲ್ಲಿಸಲಿಲ್ಲ. ನಿಕಲ್ಲುಗಳನ್ನು ಪ್ರತ್ಯೇಕ ಡಬ್ಬಿಗೆ ಬೀಳಿಸಿ, ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ಕಚ್ಚುತ್ತ ಒಂದೊಂದೇ ನೋಡುತ್ತಿದ್ದಳು. ಜನ ದಾಟುವುದಕ್ಕೆ ಬಂದಿರುತ್ತಾರೆ, ತನ್ನ ಹುಚ್ಚಿಗೆ ಕಾಯುವುದಕ್ಕಲ್ಲ ಎಂಬುದು ಅವಳ ಇನ್ನೊಂದು ಕಟ್ಟಳೆ.

1983ಕ್ಕೆ ಸೇತುವೆಯ ಸಾಲ ತೀರಿತು. ಜೂನ್ ಮೂವತ್ತರ ಮಧ್ಯಾಹ್ನ ಹನ್ನೆರಡಕ್ಕೆ ಟೋಲ್ ನಿಲ್ಲುತ್ತದೆ, ಗೂಡುಗಳನ್ನು ಕೀಳುತ್ತಾರೆ ಎಂದು ಪ್ರಕಟಿಸಿದರು. ಊರಿಗೆಲ್ಲ ಸಂಭ್ರಮ. ಆರ್ಡಿತಳಿಗೆ ಮಾತ್ರ ಇಲ್ಲ. ಸೇತುವೆಯಲ್ಲಿ ಟೋಲ್ ಇಲ್ಲದ ಮೇಲೆ ಆ ತೂತು ತುಂಬುವ ದಾರಿಯೇ ಇಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಅವಳು ಬಿಡುವಿನ ದಿನವೂ ಕೆಲಸಕ್ಕೆ ಹೋಗತೊಡಗಿದಳು.

ಜೂನ್ ಹನ್ನೆರಡರಂದು ಹಾರ್ಲನ್ ಯಾರದೋ ನೆಲಮಾಳಿಗೆಯ ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಚೆ ದಡದ ಆಸ್ಪತ್ರೆಗೆ ಸೇರಿಸಿದರು. ಆರ್ಡಿತ್ ಸಮವಸ್ತ್ರದಲ್ಲೇ ಓಡಿದಳು. ಹಾರ್ಲನ್ ಆಪರೇಷನ್ ಕೋಣೆಯಲ್ಲಿದ್ದ. ಓಪಲ್ ಕಾಗದಪತ್ರಕ್ಕೆ ಸಹಿ ಹಾಕುತ್ತಿದ್ದಾಗ ನರ್ಸೊಬ್ಬಳು ಅವನ ಬಟ್ಟೆಯ ಚೀಲವನ್ನು ಆರ್ಡಿತಳ ಮಡಿಲಿಗೆ ಹಾಕಿ ಹೋದಳು. ಕೆಲಸದ ಅಂಗಿ, ಚಾಕು, ಅಳತೆ ಪಟ್ಟಿ, ಒಂದು ಹಳೇ ತಂಬಾಕಿನ ತಗಡು ಡಬ್ಬಿ. ಡಬ್ಬಿ ಗಲಗಲ ಸದ್ದು ಮಾಡಿತು. ನಾಣ್ಯದ ಸದ್ದನ್ನು ಅವಳ ಕಿವಿ ನಿದ್ದೆಯಲ್ಲೂ ಗುರುತಿಸುತ್ತದೆ. ಮುಚ್ಚಳ ತೆಗೆದಳು.

ಎರಡು ತುಕ್ಕು ಹಿಡಿದ ಬೀಗದಕೈ, ನಾಲ್ಕಾರು ಹಿತ್ತಾಳೆ ತಿರುಪು, ಚಿಟಿಕೆ ಕಪ್ಪು ಮಣ್ಣು. ಅವುಗಳ ನಡುವೆ ಐದು ನಿಕಲ್. ಕತ್ತಿನ ಸರದಲ್ಲಿದ್ದ ಭೂತಗನ್ನಡಿ ಎತ್ತಿ ನೋಡಿದಳು. 1950. ಮನೆಯ ಬಲಕ್ಕೆ ‘ಡಿ’. ಇನ್ನೊಂದು, 1950, ‘ಡಿ’. ಐದೂ ಅವೇ.

ಕ್ಲೀಟಸನ ಗಲ್ಲಾ, ನೆಡ್ರಾಳ ಟಿಪ್ಸು, ಕಾಣಿಕೆ ತಟ್ಟೆ, ಕೊಳೆಯಿಲ್ಲದ ಅಕ್ಷರ, ಹಿತ್ತಲ ಮಣ್ಣು, ಎಲ್ಲ ಒಂದರ ಹಿಂದೊಂದು ಅವಳ ಕಣ್ಣ ಮುಂದೆ ಬಂದು ನಿಂತವು. ಓಪಲ್ ಬಂದು ಪಕ್ಕದಲ್ಲಿ ಕೂತಾಗ, ಹಾರ್ಲನ್ನನ ಬ್ಯಾಂಕ್ ಲಾಕರ್ ಕೀಲಿ ಜೋಪಾನವಾಗಿದೆಯೇ ಎಂದು ಏನೂ ಗೊತ್ತಿಲ್ಲದವಳಂತೆ ಕೇಳಿದಳು.

“ಯಾವ ಲಾಕರು? ಎಪ್ಪತ್ತೆರಡರಲ್ಲೇ ಬಿಟ್ಬಿಟ್ಟ. ಇಡೋಕೇನಿದೆ ಅಲ್ಲಿ ಅಂದ,” ಎಂದಳು ಓಪಲ್. ಡಬ್ಬಿಯ ಕಡೆ ಗಲ್ಲ ತೋರಿಸಿದಳು. “ಆ ದರಿದ್ರ ಡಬ್ಬೀನ ಜೇಬಿಂದ ತೆಗಿ ಅಂತ ಹದಿನೈದು ವರ್ಷದಿಂದ ಬಡ್ಕೋತಿದೀನಿ. ಕತ್ತಿಗೆ ಗಂಟೆ ಕಟ್ಟಿದ ಹಸು ಥರ ಮನೆ ತುಂಬಾ ಸದ್ದು ಮಾಡ್ಕೊಂಡು ಓಡಾಡ್ತಾನೆ.”

ಆರು ಸುರುಳಿ ಎಂದರೆ ಇನ್ನೂರ ನಲವತ್ತು ನಾಣ್ಯ. ಬೆಲೆ ಬಿದ್ದ ಮೇಲೂ ಒಂದೊಂದು ಏಳೆಂಟು ಡಾಲರ್ ಬಾಳುತ್ತಿದ್ದವು. ಅವನ್ನು ಕೈಯಾರೆ ಮಸುಕು ಮಾಡಿ, ಎರಡು ಡಾಲರಿಗೂ ಬಾಳದ ಹಾಗೆ ಸವೆಸಿ, ಐದೈದು ಸೆಂಟಿಗೆ ಎರಡೂ ದಡದಲ್ಲಿ ಚೆಲ್ಲಿದ್ದ. ಒಂದಾದರೂ ಯಾರದೋ ಕೈಯಿಂದ ಅವಳ ಗೂಡಿಗೆ ತಾನಾಗಿ ಬರಲಿ ಎಂದು. ಹೊಸದಾಗಿಯೇ ಬಿಟ್ಟರೆ ಅಕ್ಕನಿಗೆ ಗುಮಾನಿ ಬರುತ್ತದೆ ಎಂದು ಮಣ್ಣು ಬೇರೆ ಹಾಕಿದ್ದ. ಹದಿನೈದು ವರ್ಷ ಅವಳು ಯಾರ ಮೇಲೆ ಹಲ್ಲು ಕಡಿಯುತ್ತಿದ್ದಳೋ ಅವನೇ ದಿನಾ ಜೇಬಿನಲ್ಲಿ ಅವಳ ಕೆಲಸ ಹೊತ್ತು ತಿರುಗಿದ್ದ. ಆರ್ಡಿತಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನ ಮೇಲೆ ಅಕ್ಕರೆ ಉಕ್ಕಿತು.

ಐದರಲ್ಲಿ ಒಂದನ್ನು ತೆಗೆದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಐದನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು. ಹಾರ್ಲನ್ ಇಷ್ಟು ವರ್ಷ ಬಾಯಿ ಬಿಡದೆ ಮಾಡಿದ್ದನ್ನು ತಾನು ಕಂಡೆನೆಂದು ತೋರಿಸಿಕೊಳ್ಳಬಾರದು ಎಂದು ನಿಶ್ಚಯಿಸಿದಳು. ಆದರೆ ಮೂವತ್ತು ವರ್ಷದ ಕೈ ಅಭ್ಯಾಸ ಅವಳ ನಿಶ್ಚಯವನ್ನು ಕೇಳುತ್ತದೆಯೇ?

ನಾಲ್ಕನೇ ದಿನ ಅವಳು ಹೋದಾಗ ಹಾರ್ಲನ್ ದಿಂಬಿಗೊರಗಿ ಕೂತಿದ್ದ. ಡಬ್ಬಿ ಅವನ ಎದೆಯ ಮೇಲೆ ತೆರೆದಿತ್ತು. ಜೋಳದ ಬೆಳೆ, ಸೆಖೆ, ಆಸ್ಪತ್ರೆಯ ಸಪ್ಪೆ ಸೂಪು, ಎಲ್ಲ ಮಾತಾಡಿ ಆದ ಮೇಲೆ ಅವನು ಕಣ್ಣು ಕಿರಿದು ಮಾಡಿದ.

“ನನ್ನ ಡಬ್ಬೀನ ಯಾರೋ ಒಪ್ಪ ಮಾಡಿದಾರೆ.”

“ನರ್ಸ್‌ಗಳು ಅಚ್ಚುಕಟ್ಟು.”

“ಹೂಂ, ನರ್ಸ್‌ಗಳು. ಐದಕ್ಕೈದೂ ಮುಖ ಮೇಲೆ ಮಾಡಿ, ಕಮ್ಮಿ ಸವೆದದ್ದು ಮೊದ್ಲು, ಜಾಸ್ತಿ ಸವೆದದ್ದು ಕೊನೇಲಿ, ಸಾಲಾಗಿ ಪೇರಿಸಿಟ್ಟಿದಾರೆ. ನಮ್ಮ ಸಂಘದ ನರ್ಸೇ ಇರ್ಬೇಕು.”

ಆರ್ಡಿತ್ ತಲೆ ತಗ್ಗಿಸಿ ಚೀಲದ ದಾರ ಸುತ್ತತೊಡಗಿದಳು. ಹಾರ್ಲನ್ ಒಂದು ನಿಕಲ್ ಎತ್ತಿ ಅವಳ ಕಡೆ ಹಿಡಿದ. ಅವನ ಧ್ವನಿ ಮೆತ್ತಗಾಗಿತ್ತು.

“ಇವೇ ಕೊನೇವು, ಆರ್ಡೀ. ಒಂದು ತಗೋ. ಯಾರಿಗೂ ಹೇಳಲ್ಲ.”

“ಬೇಡ ಕಣೋ.”

“ಇನ್ನು ಹದಿನಾಲ್ಕು ದಿನ ಉಳಿದಿದೆ ಅಷ್ಟೇ.”

“ಗೊತ್ತು. ಬರೋದಾದ್ರೆ ಸೇತುವೆ ದಾಟಿ ಬರ್ಲಿ. ಇಲ್ಲಾಂದ್ರೆ ಖಾಲಿ ಇರ್ಲಿ. ನೀನು ಇಷ್ಟು ವರ್ಷ ಪಟ್ಟ ಪಾಡಿಗಾದ್ರೂ ನಾನು ಕಟ್ಟಳೆ ಮುರೀಬಾರ್ದು.”

ಅವನು ಜಗಮೊಂಡಿ ಎಂದ. ಈ ಸಲ ಬೈಗುಳದ ಹಾಗೆ ಕೇಳಿಸಲಿಲ್ಲ. ಡಾಕ್ಟರು ಮೂರು ವಾರ ಬಿಡುವುದಿಲ್ಲವಂತೆ ಎಂದು ಗೋಡೆಯ ಕಡೆ ಮುಖ ಮಾಡಿದ.

ಹದಿನಾಲ್ಕು ದಿನವೂ ಅವಳು ಬೆಳಗಿನಿಂದ ಸಂಜೆಯವರೆಗೆ ಗೂಡಿನಲ್ಲಿದ್ದಳು. ಸಿಕ್ಕ ಸಿಕ್ಕ ನಿಕಲ್ಲನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಏನೂ ಬರಲಿಲ್ಲ.

ಜೂನ್ ಮೂವತ್ತರ ಬೆಳಿಗ್ಗೆ ಊರಿಗೆ ಊರೇ ಸೇತುವೆಗೆ ಬಂತು. ಕೊನೆಯ ಟೋಲ್ ಕೊಟ್ಟೆವು ಎಂದು ಹೇಳಿಕೊಳ್ಳುವ ಆಸೆ. ಕ್ಲೀಟಸ್ ಅಂಗಡಿ ಮುಚ್ಚಿಕೊಂಡು ಎರಡು ಸಲ ದಾಟಿದ. ಹನ್ನೊಂದೂವರೆಗೆ ಆರ್ಡಿತ್ ಡಬ್ಬಿ ಬರಿದು ಮಾಡಿ ಬೆಳಗಿನ ನಿಕಲ್ಲುಗಳನ್ನೆಲ್ಲ ನೋಡಿ ಮುಗಿಸಿದಳು. ಇಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಇಲಿನಾಯ್ ಕಡೆಯಿಂದ ಬಂದ ಸಾಲಿನಲ್ಲಿ ಓಪಲಳ ಕಂದು ಬಣ್ಣದ ಸ್ಟೇಷನ್ ವ್ಯಾಗನ್ ಕಾಣಿಸಿತು. ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಹಾರ್ಲನ್. ಪಕ್ಕದಲ್ಲಿ ಎರಡು ಊರುಗೋಲು. ಗೂಡಿನ ಮುಂದೆ ಬಂದಾಗ ಓಪಲ್ ಸ್ಟಿಯರಿಂಗಿನಿಂದ ಎರಡು ಕೈಯನ್ನೂ ಎತ್ತಿದಳು.

“ನನ್ನನ್ನೇನೂ ಕೇಳ್ಬೇಡ, ಆರ್ಡಿತ್. ಡಾಕ್ಟರ ಹತ್ರ ಜಗಳ ಆಡ್ಕೊಂಡು ಬಂದಿದಾನೆ. ಟೋಲ್ ತಾನೇ ಕೊಡ್ಬೇಕಂತೆ.”

ಹಿಂದಿನ ಕಿಟಕಿಯಿಂದ ಕೈ ಹೊರಬಂತು. ಅಂಗೈಯಲ್ಲಿ ಹತ್ತು ಸೆಂಟಿನದೊಂದು, ನಿಕಲ್ ಒಂದು. ಸೊಂಟದ ನೋವಿಗೆ ಅವನ ಹಣೆ ಬೆವತಿತ್ತು.

“ಒಂದು ಕಾರು. ಮನೆಗೆ ಹೋಗ್ಬೇಕು, ಸೇತುವೆ ದಾಟಿಸ್ತೀಯಾ?”

ಆರ್ಡಿತ್ ಎರಡನ್ನೂ ತೆಗೆದುಕೊಂಡಳು. ಹತ್ತರದನ್ನು ಗಲ್ಲಾಕ್ಕೆ ಹಾಕಿದಳು. ನಿಕಲ್ಲನ್ನು ಡಬ್ಬಿಗೆ ಹಾಕಲಿಲ್ಲ. ಭೂತಗನ್ನಡಿ ಎತ್ತಿದಳು. ಹಿಂದೆ ಮೂವತ್ತು ಗಾಡಿ. ಒಬ್ಬ ಹಾರ್ನ್ ಹೊಡೆದ, ಆಮೇಲೆ ಇನ್ನಿಬ್ಬರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆರ್ಡಿತ್ ವೊರ್ಹೀಸ್ ಜನರನ್ನು ಕಾಯಿಸಿದಳು. ಮುಂದಿನ ಮುಖ ನೋಡಿದಳು, ಹಿಂದಿನ ಮುಖ ನೋಡಿದಳು, ಅಂಚು ತಿರುಗಿಸಿ ನೋಡಿದಳು. ಸಾಲಾಗಿ ಪೇರಿಸಿಟ್ಟಿದ್ದ ಐದರಲ್ಲಿ ಅದು ಕೊನೆಯದು, ಎಲ್ಲಕ್ಕಿಂತ ಸವೆದದ್ದು.

“ಕೆನ್ನೆ ಹೋಗಿದೆ. ಮೆಟ್ಟಿಲು ಒಂದೂ ಉಳಿದಿಲ್ಲ. ಬೀಗದಕೈ ಗೀರು ಎರಡು. ಎರಡು ಡಾಲರ್, ಅದೂ ಕೊಳ್ಳೋನು ಒಳ್ಳೆಯವನಾದ್ರೆ.”

“ಹೊಸದಾಗಿದ್ದಾಗ ಮೂವತ್ತು ಅಂದಿದ್ರು.”

“ನಂಗೊತ್ತು, ಹಾರ್ಲ್.”

“ನಡೆಯುತ್ತಾ?” ಅವನು ಕಿಟಕಿಯ ಅಂಚು ಹಿಡಿದುಕೊಂಡ. “ನಿನ್ನ ಕಟ್ಟಳೆಗೆ?”

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಕೊಂಡದ್ದಲ್ಲ. ಉಡುಗೊರೆಯೂ ಅಲ್ಲ. ಮನೆಗೆ ಹೋಗಬೇಕಾದ ಮನುಷ್ಯ ಕೊಟ್ಟ ಟೋಲು.

“ಟೋಲ್ ಕೊಟ್ಟಿದೀಯಲ್ಲ, ಮತ್ತೇನು. ದಾಟು, ಹಿಂದೆ ಜನ ಕಾಯ್ತಿದಾರೆ.”

ವ್ಯಾಗನ್ ಮುಂದೆ ಹೋಯಿತು. ಉಳಿದ ಗಾಡಿಗಳನ್ನು ಅವಳು ಎಂದಿನ ಹಾಗೇ ಚಕಚಕ ದಾಟಿಸಿದಳು. ಹನ್ನೆರಡು ಹೊಡೆದಾಗ ಮೇಲ್ವಿಚಾರಕ ಬಂದ. ಅವನೆದುರಿಗೆ ತನ್ನ ಪರ್ಸಿನಿಂದ ಒಂದು ನಿಕಲ್ ತೆಗೆದು ಗಲ್ಲಾಕ್ಕೆ ಹಾಕಿದಳು. ಆತ ತಲೆಯಾಡಿಸಿ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದ. ಆರ್ಡಿತ್ ಕಿಟಕಿ ಎಳೆದು, ನೀಲಿ ಫೋಲ್ಡರ್ ಬಿಚ್ಚಿ, ನಾಣ್ಯವನ್ನು ತೂತಿನಲ್ಲಿಟ್ಟು ಒತ್ತಿದಳು. ಟಕ್ ಎನ್ನಲಿಲ್ಲ. ಇಪ್ಪತ್ತೈದು ವರ್ಷ ಬೆರಳಿಟ್ಟು ತಡವಿ ತಡವಿ ತೂತು ಸಡಿಲವಾಗಿತ್ತು. ಉಳಿದ ಒಂದು ಟೋಲ್ ರಸೀತಿಯ ಅಂಚು ಹರಿದು ಪಕ್ಕಕ್ಕೆ ಸಿಕ್ಕಿಸಿ ಮತ್ತೆ ಒತ್ತಿದಳು. ಈಗ ಕೂತಿತು. ಅಳು ಬಂತು, ತಡೆಯಲಿಲ್ಲ, ಸಾಕಾಗುವಷ್ಟು ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ನೋಟ್‌ಬುಕ್ ತೆಗೆದಳು. ಓಪಲಳ ಸ್ಟೇಷನ್ ವ್ಯಾಗನ್. ಬಿಸಿಲು. ಹಿಂದಿನ ಸೀಟಿನಲ್ಲಿ ತಮ್ಮ. ಬೆಲೆಯ ಜಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಎರಡು ಡಾಲರ್ ಎಂದು ಬರೆದಳು. ಹಾರ್ಲನ್‌ದು ಎಂದು ಒಂದು ಸೆಂಟೂ ಹೆಚ್ಚು ಹಾಕಲಿಲ್ಲ.